ದನಕರುಗಳ ಸಗಣಿಯಲ್ಲಿ ಕಾಣುವ ರಕ್ತವೂ ಲೋಳೆಯೂ

(ರೈತರ ಸಭೆಯಲ್ಲಿ ಓದಿದ ಉಪನ್ಯಾಸ)



ಬೆಳಗಾದ ಕೂಡಲೆ ರೈತನ ಮನೆಯಲ್ಲಿ ನಡೆಯುವ ಮೊದಲ ಕೆಲಸಗಳಲ್ಲಿ ಕೊಟ್ಟಿಗೆಯ ಸಗಣಿಯನ್ನು ಬಾಚುವುದೂ ಒಂದು. ಈ ಕೆಲಸವು ಬಹುಮಟ್ಟಿಗೆ ಮನೆಯ ಹೆಂಗಸರ ಪಾಲಿಗೆ ಬಂದಿರುತ್ತದೆ. ಬಾಚಿದ ಸಗಣಿಯಲ್ಲಿ ಸ್ವಲ್ಪ ಬೆರಣಿಗೆ, ಸ್ವಲ್ಪ ನೆಲ ಸಾರಿಸುವುದಕ್ಕೆ, ಉಳಿದದ್ದು ತಿಪ್ಪೆಗೆ. ಸಗಣಿಯು ಗೊಬ್ಬರವೆಂಬುದನ್ನೂ ಉರುವಲೆಂಬುದನ್ನೂ ಎಲ್ಲರೂ ಬಲ್ಲರು. ಮೂಕಪ್ರಾಣಿಯು ತನ್ನ ಹೊಟ್ಟೆಯೊಳಗಿನ ಕಷ್ಟವನ್ನು ಹೊರಕ್ಕೆ ತಿಳಿಸುವುದಕ್ಕೆ ಇರುವ ಸಾಧನಗಳಲ್ಲಿ ಅದೇ ಮುಖ್ಯವಾದದ್ದೆಂಬುದನ್ನು ಮಾತ್ರ ಕೆಲವರೇ ಗಮನಿಸುತ್ತಾರೆ.

ಕರು ಸತ್ತ ಮನೆಯಲ್ಲಿ ವಿಚಾರಿಸಿದರೆ, "ಮೊನ್ನೆಯೇ ಸಗಣಿಯಲ್ಲಿ ರಕ್ತದ ಗೆರೆ ಕಂಡಿತ್ತು, ಉಷ್ಣವಿರಬಹುದೆಂದು ಸುಮ್ಮನಾದೆವು" ಎಂಬ ಉತ್ತರವು ಬರುವುದುಂಟು. ಮೊದಲನೆಯ ದಿನ ಕಂಡ ಗೆರೆಯು ತಿಪ್ಪೆಗೆ ಹೋಯಿತು. ಎರಡನೆಯ ದಿನ ಕರು ಹಾಲು ಬಿಟ್ಟಿತು. ಮೂರನೆಯ ದಿನ ಮಲಗಿತು. ಆಮೇಲೆ ಪಶುವೈದ್ಯನನ್ನು ಕರೆತಂದರೂ ಅವನು ಮಾಡಬಹುದಾದುದು ಸ್ವಲ್ಪವೇ. ಒಂದು ಹೆಣ್ಣುಗರು ಸತ್ತರೆ ಮುಂದೆ ಮನೆಗೆ ಹಾಲು ಕೊಡಬೇಕಾಗಿದ್ದ ಹಸುವೇ ಹೋದಂತೆ. ಗಂಡುಗರು ಸತ್ತರೆ ನೊಗಕ್ಕೆ ಬರಬೇಕಾಗಿದ್ದ ಎತ್ತು ಹೋದಂತೆ. ಆದುದರಿಂದ ಸಗಣಿಯಲ್ಲಿ ರಕ್ತವಾಗಲಿ ಲೋಳೆಯಾಗಲಿ ಕಂಡಾಗ ಅದು ಏನನ್ನು ಸೂಚಿಸುತ್ತದೆ, ಆ ದಿನವೇ ಮಾಡತಕ್ಕದ್ದೇನು ಎಂಬುದನ್ನು ಪ್ರತಿಯೊಬ್ಬ ರೈತನೂ ಅವನ ಮನೆಯವರೂ ತಿಳಿದಿರುವುದು ಆವಶ್ಯಕ.

ಆರೋಗ್ಯವಾದ ಸಗಣಿ

ರೋಗದ ಗುರುತನ್ನು ಅರಿಯಬೇಕಾದರೆ ಮೊದಲು ಆರೋಗ್ಯದ ಗುರುತನ್ನು ಅರಿತಿರಬೇಕು. ಚೆನ್ನಾಗಿ ಮೆಲುಕು ಹಾಕುವ ಹಸುವಿನ ಸಗಣಿಯು ಗಟ್ಟಿಯಾದ ಅಂಬಲಿಯಂತೆ ಬಿದ್ದು, ಸುತ್ತಲೂ ಅಂಚು ಕಟ್ಟಿ, ನಡುವೆ ಸ್ವಲ್ಪ ತಗ್ಗಾಗಿ ನಿಲ್ಲುತ್ತದೆ. ಹಸಿ ಹುಲ್ಲನ್ನು ಮೇದ ದಿನಗಳಲ್ಲಿ ಹಸುರಾಗಿ ಸಡಿಲವಾಗಿಯೂ, ಒಣ ಹುಲ್ಲನ್ನು ಮೇದ ದಿನಗಳಲ್ಲಿ ಕಂದಾಗಿ ಗಟ್ಟಿಯಾಗಿಯೂ ಇರುತ್ತದೆ. ಹಾಲು ಕುಡಿಯುವ ಎಳೆಗರುವಿನದು ಹಳದಿ ಬಣ್ಣದ ಮೃದುವಾದ ಮುದ್ದೆ. ಈ ವ್ಯತ್ಯಾಸಗಳೆಲ್ಲ ಮೇವಿನಿಂದ ಆಗತಕ್ಕವು, ರೋಗವಲ್ಲ.

ಲೋಳೆ

ಹಸುವಿನ ಸಣ್ಣ ಕರುಳೊಂದೇ ಸುಮಾರು 130 ಅಡಿಗಳಷ್ಟು ಉದ್ದವಾಗಿದೆ. ಅದರ ಒಳಗೋಡೆಯ ಮೇಲೆಲ್ಲ ಒಂದು ತೆಳುವಾದ ಲೋಳೆಯ ಹೊದಿಕೆಯಿರುತ್ತದೆ. ಒರಟಾದ ಮೇವು ಉಜ್ಜಿಕೊಂಡು ಹೋದರೂ ಕರುಳಿಗೆ ಗಾಯವಾಗದಂತೆ ಕಾಪಾಡುವುದು ಈ ಹೊದಿಕೆಯೇ. ಆದುದರಿಂದ ಸಗಣಿಯ ಮೇಲೆ ಸ್ವಲ್ಪ ಹೊಳಪು ಕಂಡಮಾತ್ರಕ್ಕೆ ಹೆದರಬೇಕಾದುದಿಲ್ಲ.

ಕರುಳಿಗೆ ಕೆರಳಿಕೆಯಾದಾಗ ಅದು ತನ್ನನ್ನು ರಕ್ಷಿಸಿಕೊಳ್ಳುವುದಕ್ಕಾಗಿ ಲೋಳೆಯನ್ನು ಹೆಚ್ಚಾಗಿ ಸುರಿಸುತ್ತದೆ. ಹಳ್ಳಿಗಳಲ್ಲಿ "ಆಮ ಬೀಳುತ್ತದೆ" ಎನ್ನುವುದು ಇದನ್ನೇ. ಈ ಲೋಳೆಯು ಎರಡು ಬಗೆಯಾಗಿ ಕಾಣಿಸಿಕೊಳ್ಳುತ್ತದೆ. ಒಂದು, ಗಟ್ಟಿಯಾಗಿ ಒಣಗಿದ ಸಗಣಿಯ ಮೇಲೆ ಲೋಳೆಯು ಬಳಿದಂತೆ ಅಂಟಿರುವುದು. ಸಗಣಿಯು ಕರುಳಿನಲ್ಲಿ ಬಹಳ ಹೊತ್ತು ನಿಂತಿತ್ತೆಂದು ಇದರಿಂದ ತಿಳಿಯಬೇಕು. ಮೇವು ಬಿಟ್ಟ ದನ, ನೀರು ಸಾಲದ ದನ, ಜ್ವರ ಬಂದ ದನ ಇವುಗಳಲ್ಲಿ ಹೀಗಾಗುತ್ತದೆ. ಇನ್ನೊಂದು, ನೀರಾದ ಸಗಣಿಯೊಡನೆ ಲೋಳೆಯು ಎಳೆಎಳೆಯಾಗಿ ಅಥವಾ ಉಂಡೆಯಾಗಿ ಬೀಳುವುದು. ಕರುಳಿನಲ್ಲಿ ಉರಿಯೂತವು ನಡೆಯುತ್ತಿದೆಯೆಂದು ಇದರ ಅರ್ಥ. ಲೋಳೆಯೊಡನೆ ಬೂದುಬಣ್ಣದ ಚರ್ಮದ ಚೂರುಗಳಂತಹ ಪದಾರ್ಥವು ಬಿದ್ದರೆ, ಕರುಳಿನ ಒಳಪೊರೆಯೇ ಕಿತ್ತುಬರುತ್ತಿದೆಯೆಂದು ತಿಳಿದು, ಒಂದು ಗಳಿಗೆಯನ್ನೂ ಕಳೆಯದೆ ವೈದ್ಯನಿಗೆ ಹೇಳಿ ಕಳುಹಿಸತಕ್ಕದ್ದು.

ರಕ್ತದ ಬಣ್ಣವು ತಿಳಿಸುವ ಸಂಗತಿ

ರಕ್ತವು ಕಂಡಾಗ ಮೊದಲು ನೋಡತಕ್ಕದ್ದು ಅದರ ಬಣ್ಣವನ್ನು. ಹೊಟ್ಟೆಯಲ್ಲಿ ಅಥವಾ ಕರುಳಿನ ಮೊದಲ ಭಾಗದಲ್ಲಿ ಸುರಿದ ರಕ್ತವು ಹೊರಕ್ಕೆ ಬರುವಷ್ಟರಲ್ಲಿ ಹಲವು ಗಂಟೆಗಳಾಗುತ್ತವೆ. ಅಷ್ಟರಲ್ಲಿ ಅದು ಜೀರ್ಣವಾಗಿ ಕೆಂಪನ್ನು ಕಳೆದುಕೊಂಡು ಡಾಂಬರಿನಂತೆ ಕಪ್ಪಾಗಿ ಅಂಟಂಟಾಗುತ್ತದೆ. ಕೆಟ್ಟ ನಾತವೂ ಇರುತ್ತದೆ. ದೊಡ್ಡ ಕರುಳಿನಲ್ಲಿ ಸುರಿದ ರಕ್ತವಾದರೋ ಬೇಗನೆ ಹೊರಬೀಳುವುದರಿಂದ ಕೆಂಪಾಗಿಯೇ ಇರುತ್ತದೆ. ಗುದದ್ವಾರದ ಹತ್ತಿರದ ಗಾಯವಾಗಿದ್ದರೆ ಸಗಣಿಯೊಳಗೆ ಬೆರೆಯದೆ ಅದರ ಮೇಲೆ ಮಾತ್ರ ಗೆರೆಯಾಗಿ ಅಥವಾ ತೊಟ್ಟಾಗಿ ನಿಲ್ಲುತ್ತದೆ. ಹೀಗೆ ಕಪ್ಪು ಬಣ್ಣವು ಮೇಲಿನ ಭಾಗವನ್ನೂ, ಕೆಂಪು ಬಣ್ಣವು ಕೆಳಗಿನ ಭಾಗವನ್ನೂ ಸಾಮಾನ್ಯವಾಗಿ ಸೂಚಿಸುತ್ತವೆ.

ಕಪ್ಪು ಬಣ್ಣವನ್ನು ಕಂಡು ಉದಾಸೀನ ಮಾಡುವುದು ಹೆಚ್ಚು. ಕೆಂಪಿಲ್ಲವಾದ್ದರಿಂದ ಅದು ರಕ್ತವೆಂದು ತೋರುವುದೇ ಇಲ್ಲ. ಹೆಚ್ಚು ಹಾಲು ಕೊಡುವ ಹಸು, ಈದ ಕೆಲವು ವಾರಗಳಲ್ಲಿ, ಮೇವು ಬಿಟ್ಟು, ಹಲ್ಲು ಕಡಿಯುತ್ತ, ಕಪ್ಪಾದ ಅಂಟು ಸಗಣಿಯನ್ನು ಹಾಕಿದರೆ, ಅದರ ನಾಲ್ಕನೆಯ ಹೊಟ್ಟೆಯಲ್ಲಿ ಹುಣ್ಣಾಗಿರಬಹುದು. ಒಸಡನ್ನೂ ಕಣ್ಣಿನ ರೆಪ್ಪೆಯ ಒಳಭಾಗವನ್ನೂ ನೋಡಬೇಕು. ಅವು ಬಿಳುಪೇರಿದ್ದರೆ ಒಳಗೆ ಬಹಳ ರಕ್ತವು ಹೋಗಿದೆಯೆಂದು ತಿಳಿಯತಕ್ಕದ್ದು.

ಕರುಗಳ ರಕ್ತಭೇದಿ

ಸಗಣಿಯಲ್ಲಿ ಕೆಂಪು ರಕ್ತವು ಕಾಣುವುದು ಬಹಳವಾಗಿ ಕರುಗಳಲ್ಲಿಯೇ. ಅದರಲ್ಲಿಯೂ ಮೂರು ವಾರಗಳಿಂದ ಆರು ತಿಂಗಳವರೆಗಿನ ಕರುಗಳಲ್ಲಿ ಇದಕ್ಕೆ ಮುಖ್ಯ ಕಾರಣವು ಕಾಕ್ಸಿಡಿಯ ಎಂಬ ಸೂಕ್ಷ್ಮಜೀವಿ. ಒಂದು ವರ್ಷದ ಪಡ್ಡೆಗಳಿಗೂ ಇದು ಬರುವುದುಂಟು. ಈ ಜೀವಿಯು ಕಣ್ಣಿಗೆ ಕಾಣತಕ್ಕದ್ದಲ್ಲ; ಸೂಕ್ಷ್ಮದರ್ಶಕ ಯಂತ್ರದಲ್ಲಿ ಮಾತ್ರ ಕಾಣುತ್ತದೆ.

ಇದು ಹರಡುವ ಕ್ರಮವನ್ನು ರೈತನು ಚೆನ್ನಾಗಿ ತಿಳಿದಿರಬೇಕು. ಯಾತಕ್ಕೆಂದರೆ ತಡೆಯುವ ಉಪಾಯವು ಅದರಲ್ಲಿಯೇ ಇದೆ. ರೋಗವಿರುವ ಕರುವಿನ ಸಗಣಿಯಲ್ಲಿ ಈ ಜೀವಿಯ ಮೊಟ್ಟೆಯಂತಹ ಕೋಶಗಳು ಅಸಂಖ್ಯವಾಗಿ ಬೀಳುತ್ತವೆ. ಬಿದ್ದ ಕೂಡಲೆ ಅವುಗಳಿಗೆ ರೋಗವನ್ನು ಅಂಟಿಸುವ ಶಕ್ತಿಯಿಲ್ಲ. ತೇವ, ಬೆಚ್ಚನೆಯ ಹವೆ, ಗಾಳಿ ಈ ಮೂರೂ ದೊರೆತರೆ ಕೆಲವು ದಿನಗಳಲ್ಲಿ ಅವು ಪಕ್ವವಾಗಿ, ಒಂದೊಂದು ಕೋಶದಲ್ಲಿಯೂ 8 ಜೀವಿಗಳು ಸಿದ್ಧವಾಗುತ್ತವೆ. ಆಮೇಲೆ ಕರು ನೆಲವನ್ನು ನೆಕ್ಕಿದರೆ, ಕೊಳಕು ತಗುಲಿದ ಕೆಚ್ಚಲನ್ನು ಚೀಪಿದರೆ, ಸಗಣಿ ಸಿಡಿದ ತೊಟ್ಟಿಯ ನೀರನ್ನು ಕುಡಿದರೆ ಅವು ಹೊಟ್ಟೆಯನ್ನು ಸೇರುತ್ತವೆ. ಕರುಳಿನ ಗೋಡೆಯೊಳಗೆ ಹೊಕ್ಕು, ಒಂದಕ್ಕೆ ಸಾವಿರಾರಾಗಿ ಬೆಳೆದು, ಕೊನೆಗೆ ದೊಡ್ಡ ಕರುಳಿನ ಪೊರೆಯನ್ನು ಒಡೆದುಕೊಂಡು ಹೊರಬರುತ್ತವೆ. ರಕ್ತವು ಕಾಣುವುದು ಆಗಲೇ. ಹೊಟ್ಟೆಗೆ ಸೇರಿದ ದಿನದಿಂದ ರಕ್ತವು ಕಾಣುವ ದಿನಕ್ಕೆ ಸುಮಾರು ಎರಡೂವರೆ ವಾರಗಳಿಂದ ಮೂರು ವಾರಗಳವರೆಗೆ ಆಗುತ್ತದೆ.

ಇದರಿಂದ ಎರಡು ಸಂಗತಿಗಳು ತಿಳಿದುಬರುತ್ತವೆ. ಮೊದಲನೆಯದು, ಐದು ದಿನದ ಕರುವಿನ ಸಗಣಿಯಲ್ಲಿ ರಕ್ತವು ಕಂಡರೆ ಅದು ಕಾಕ್ಸಿಡಿಯದಿಂದಲ್ಲ. ಬೇರೆ ಕಾರಣವನ್ನು ಹುಡುಕಬೇಕು. ಎರಡನೆಯದು, ಒಂದು ಕರುವಿಗೆ ರಕ್ತವು ಕಂಡ ದಿನ, ಅದರೊಡನೆ ಕಟ್ಟಿರುವ ಉಳಿದ ಕರುಗಳೂ ಅದೇ ನೆಲವನ್ನು ನೆಕ್ಕಿರುತ್ತವೆ. ಆದುದರಿಂದ ವೈದ್ಯನಿಗೆ ಒಂದು ಕರುವನ್ನು ತೋರಿಸಿದರೆ ಸಾಲದು, ಎಲ್ಲವನ್ನೂ ತೋರಿಸಬೇಕು.

ಈ ರೋಗದ ಚಿಹ್ನೆಗಳು ಸ್ಪಷ್ಟವಾಗಿವೆ. ಸಗಣಿಯು ನೀರಾಗಿ, ಲೋಳೆಯೂ ರಕ್ತವೂ ಬೆರೆತು, ಕೆಲವು ವೇಳೆ ರಕ್ತದ ಗರಣೆಗಳೇ ಬೀಳುತ್ತವೆ. ಕರುವಿನ ಬಾಲವೂ ಹಿಂದೊಡೆಗಳೂ ಬಳಿದಂತಾಗುತ್ತವೆ. ಸಗಣಿಯು ಬಾರದಿದ್ದರೂ ಕರು ಬೆನ್ನನ್ನು ಬಾಗಿಸಿ, ಬಾಲವನ್ನೆತ್ತಿ ಮತ್ತೆ ಮತ್ತೆ ತಿಣುಕುತ್ತದೆ. ಜ್ವರವು ಹೆಚ್ಚಾಗಿರುವುದಿಲ್ಲ. ಇದಕ್ಕೆ ತಕ್ಕ ಔಷಧಗಳಿವೆ. ಕರುವಿನ ತೂಕವನ್ನು ನೋಡಿ ಪ್ರಮಾಣವನ್ನು ಗೊತ್ತುಮಾಡತಕ್ಕವನು ವೈದ್ಯನೇ. ಬೇಗ ಕೊಟ್ಟಷ್ಟೂ ಗುಣವು ಹೆಚ್ಚು. ಕರುಳಿನ ಪೊರೆಯು ಹರಿದುಹೋದ ಮೇಲೆ ಔಷಧವು ಅದನ್ನು ಹೊಲಿಯಲಾರದು.

ಎಳೆಗರುಗಳ ಭೇದಿ

ಹುಟ್ಟಿದ ಮೊದಲ ಮೂರು ವಾರಗಳಲ್ಲಿ ಬರುವ ಭೇದಿಗೆ ಬೇರೆ ಬ್ಯಾಕ್ಟೀರಿಯಗಳೂ ವೈರಸ್ಸುಗಳೂ ಕಾರಣ. ಇವುಗಳಲ್ಲಿ ಸಾಲ್ಮೊನೆಲ್ಲ ಎಂಬುದು ಘೋರವಾದದ್ದು. ಬಲವಾದ ಜ್ವರ, ಕೊಳೆತ ನಾತ, ರಕ್ತ, ಲೋಳೆ, ಪೊರೆಯ ಚೂರುಗಳು ಎಲ್ಲವೂ ಇದರಲ್ಲಿ ಒಟ್ಟಿಗೆ ಕಾಣಬಹುದು. ದೊಡ್ಡ ದನಗಳಿಗೂ ಇದು ಬಂದು, ಗಬ್ಬದ ಹಸುಗಳು ಕಂದು ಹಾಕುವುದುಂಟು.

ಎಳೆಗರುವಿಗೆ ದೊರೆಯುವ ಮೊದಲ ರಕ್ಷಣೆಯು ತಾಯಿಯ ಗಿಣ್ಣು ಹಾಲು. ಮಾಸು ಬೀಳುವವರೆಗೆ ಗಿಣ್ಣು ಹಾಲನ್ನು ಕರುವಿಗೆ ಕುಡಿಸಬಾರದೆಂಬ ಪದ್ಧತಿಯು ಹಲವು ಕಡೆ ಇದೆ. ಇದು ಬಹಳ ಹಾನಿಕರವಾದ ಪದ್ಧತಿ. ಗಿಣ್ಣಿನಲ್ಲಿರುವ ರೋಗನಿರೋಧಕ ಪದಾರ್ಥವನ್ನು ಹೀರಿಕೊಳ್ಳುವ ಶಕ್ತಿಯು ಕರುವಿನ ಕರುಳಿಗೆ ಹುಟ್ಟಿದ ಗಳಿಗೆಯಿಂದಲೇ ಕಡಮೆಯಾಗುತ್ತ ಬಂದು, 24 ಗಂಟೆಗಳಲ್ಲಿ ಇಲ್ಲವಾಗುತ್ತದೆ. ಕರುವಿನ ತೂಕದ ಹತ್ತನೆಯ ಒಂದು ಭಾಗದಷ್ಟು ಗಿಣ್ಣು, ಎಂದರೆ 20 ಕಿಲೋಗ್ರಾಂ ತೂಕದ ಕರುವಿಗೆ 2 ಲೀಟರು, ಮೊದಲ ಕೆಲವು ಗಂಟೆಗಳೊಳಗೆ ಹೊಟ್ಟೆಗೆ ಸೇರಬೇಕು. ಮೊದಲನೆಯ ಸಲ ಕುಡಿಸುವುದು ಎರಡು ಗಂಟೆಗಳೊಳಗಾದರೆ ಉತ್ತಮ. ಮಾಸು ಬೀಳುವುದಕ್ಕೂ ಗಿಣ್ಣು ಕುಡಿಸುವುದಕ್ಕೂ ಯಾವ ಸಂಬಂಧವೂ ಇಲ್ಲ.

ಗಳಿಗೆಯೂ ತಡೆಯಬಾರದ ಎರಡು ಸಂದರ್ಭಗಳು

ಕರುವಾಗಲಿ ದನವಾಗಲಿ ಮೊದಲು ಹೊಟ್ಟೆಯನ್ನು ಒದ್ದುಕೊಂಡು, ಎದ್ದು ಮಲಗಿ ಒದ್ದಾಡಿ, ಆಮೇಲೆ ಮಂಕಾಗಿ, ಸಗಣಿಯೇ ಇಲ್ಲದೆ ಕಪ್ಪುಗೆಂಪಾದ ಗಟ್ಟಿ ಲೋಳೆಯನ್ನು ಮಾತ್ರ ಸ್ವಲ್ಪ ಸ್ವಲ್ಪವಾಗಿ ಹಾಕಿದರೆ, ಕರುಳಿನ ಒಂದು ಭಾಗವು ಮುಂದಿನ ಭಾಗದೊಳಕ್ಕೆ, ಅಂಗಿಯ ತೋಳು ಒಳಕ್ಕೆ ಮಡಿಸಿಕೊಂಡಂತೆ, ಸೇರಿಕೊಂಡಿರಬಹುದು. ಇದಕ್ಕೆ ಕಷಾಯವಿಲ್ಲ, ಗುಳಿಗೆಯಿಲ್ಲ; ಶಸ್ತ್ರಚಿಕಿತ್ಸೆಯೊಂದೇ ಗತಿ. ಭೇದಿಯ ಮದ್ದನ್ನು ಹಾಕುತ್ತ ಎರಡು ದಿನ ಕಳೆದರೆ ಪ್ರಾಣಿಯು ಉಳಿಯುವುದಿಲ್ಲ.

ಎರಡನೆಯದು, ಚೆನ್ನಾಗಿದ್ದ ದನವು ಹಠಾತ್ತಾಗಿ ಸತ್ತು, ಗುದದ್ವಾರ, ಮೂಗು, ಬಾಯಿಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತವು ಸುರಿಯುವುದು. ಇದು ನೆರಡಿ ರೋಗ, ಎಂದರೆ ಆಂತ್ರಾಕ್ಸ್, ಆಗಿರಬಹುದು. ಇಂತಹ ಹೆಣವನ್ನು ಕೊಯ್ಯಬಾರದು, ಚರ್ಮವನ್ನು ಸುಲಿಯಬಾರದು, ಮಾಂಸವನ್ನು ಮುಟ್ಟಬಾರದು. ಗಾಳಿಯು ತಗುಲಿದರೆ ಇದರ ಬ್ಯಾಕ್ಟೀರಿಯವು ಗಟ್ಟಿಯಾದ ಬೀಜರೂಪವನ್ನು ತಾಳಿ ಮಣ್ಣಿನಲ್ಲಿ ಹತ್ತಾರು ವರ್ಷ ಉಳಿಯುತ್ತದೆ, ಮನುಷ್ಯರಿಗೂ ಅಂಟುತ್ತದೆ. ನಾಯಿನರಿಗಳು ಮುಟ್ಟದಂತೆ ಕಾವಲಿಟ್ಟು, ಕೂಡಲೆ ಪಶುವೈದ್ಯಶಾಲೆಗೆ ತಿಳಿಸಿ, ಅವರು ಹೇಳಿದಂತೆ ಸುಣ್ಣ ಹಾಕಿ ಆಳವಾಗಿ ಹೂಳತಕ್ಕದ್ದು.

ರಕ್ತವು ಕಾಣದಿದ್ದರೂ ಇರುವ ರೋಗ

ಸಗಣಿಯಲ್ಲಿ ರಕ್ತವಿಲ್ಲವೆಂದ ಮಾತ್ರಕ್ಕೆ ಕರುಳು ಆರೋಗ್ಯವಾಗಿದೆಯೆಂದು ತಿಳಿಯಬಾರದು. ಆಡುಕುರಿಗಳ ನಾಲ್ಕನೆಯ ಹೊಟ್ಟೆಯಲ್ಲಿ ಸೇರುವ ಹೀಮಾಂಕಸ್ ಎಂಬ ಹುಳುಗಳು ದಿನವೂ ರಕ್ತವನ್ನು ಹೀರುತ್ತವೆ. ಆದರೂ ಹಿಕ್ಕೆಯು ನೋಡುವುದಕ್ಕೆ ಸರಿಯಾಗಿಯೇ ಇರಬಹುದು. ಕಣ್ಣಿನ ರೆಪ್ಪೆಯ ಒಳಭಾಗವು ಕಾಗದದಂತೆ ಬಿಳುಪಾಗುವುದು, ದವಡೆಯ ಕೆಳಗೆ ನೀರು ತುಂಬಿದ ಬಾವು ಬರುವುದು, ಇವೇ ಅದರ ಗುರುತು. ದೊಡ್ಡ ಹಸುವು ಮೇವನ್ನು ತಿನ್ನುತ್ತಿದ್ದರೂ ತಿಂಗಳುಗಟ್ಟಲೆ ನೀರಾಗಿ ಸಗಣಿ ಹಾಕುತ್ತ, ರಕ್ತವೂ ಇಲ್ಲದೆ ಜ್ವರವೂ ಇಲ್ಲದೆ ಮೂಳೆ ಬಿಟ್ಟರೆ ಜೋನನ ರೋಗವೆಂದು ಸಂಶಯಪಡಬೇಕು. ಕೆರೆಯಂಚಿನ ಜೌಗಿನಲ್ಲಿ ಮೇದ ದನಗಳಿಗೆ, ಮಳೆಗಾಲದ ಕೊನೆಯಲ್ಲಿ, ಬಸವನಹುಳುವಿನ ಮೂಲಕ ಬಂದ ಎಳೆಯ ಹೊಟ್ಟೆಹುಳುಗಳು ಸಣ್ಣ ಕರುಳನ್ನು ಕಚ್ಚಿಕೊಂಡು ನಾತದ ನೀರುಭೇದಿಯನ್ನು ತರುತ್ತವೆ. ಇದರಲ್ಲಿ ರಕ್ತವು ಕಾಣಲೂಬಹುದು, ಕಾಣದಿರಲೂಬಹುದು.

ಮೋಸಗೊಳಿಸುವ ಗುರುತುಗಳು

ಸಗಣಿಯ ಮೇಲೆ ಕಂಡ ರಕ್ತವೆಲ್ಲವೂ ಕರುಳಿನದಲ್ಲ. ಹಸುವು ಬೆದೆಗೆ ಬಂದ ಒಂದೆರಡು ದಿನಗಳಲ್ಲಿ ಯೋನಿಯಿಂದ ಸ್ವಲ್ಪ ರಕ್ತವು ಲೋಳೆಯೊಡನೆ ಸುರಿದು ಬಾಲಕ್ಕೂ ಸಗಣಿಗೂ ತಗುಲುವುದುಂಟು, ಅದು ಸಹಜವಾದದ್ದು. ಉಣ್ಣೆಯಿಂದ ಹರಡುವ ಬಬೀಸಿಯ ರೋಗದಲ್ಲಿ ಮೂತ್ರವು ಕೆಂಪಾಗಿ ಸಗಣಿಯ ಮೇಲೆ ಬಿದ್ದು ರಕ್ತದಂತೆ ಕಾಣುತ್ತದೆ; ಇದು ಸಹಜವಲ್ಲ, ಕೂಡಲೆ ಚಿಕಿತ್ಸೆ ಬೇಕು. ಕಬ್ಬಿಣದ ಅಂಶವಿರುವ ಔಷಧವನ್ನು ಕೊಟ್ಟ ಮೇಲೆ ಸಗಣಿಯು ಕಪ್ಪಾಗುವುದು ಔಷಧದಿಂದ. ಆದುದರಿಂದ ಪ್ರಾಣಿಯು ಸಗಣಿ ಹಾಕುವಾಗ ನಿಂತು ನೋಡಿ, ರಕ್ತವು ಎಲ್ಲಿಂದ ಬರುತ್ತದೆಯೆಂಬುದನ್ನು ಗೊತ್ತುಮಾಡಿಕೊಳ್ಳುವುದು ಮೇಲು.

ಅಳಿದುಹೋದ ಒಂದು ರೋಗ

ದೊಡ್ಡ ರೋಗವೆಂದು ಹಳ್ಳಿಗಳವರು ಹೆದರುತ್ತಿದ್ದ ರಿಂಡರ್‌ಪೆಸ್ಟ್ ರೋಗವನ್ನು ಹಿಂದಿನವರು ಗುರುತಿಸುತ್ತಿದ್ದುದು ಜ್ವರ, ಬಾಯಿಯ ಹುಣ್ಣು, ಅನಂತರ ರಕ್ತವೂ ಪೊರೆಯ ಚೂರುಗಳೂ ಬೆರೆತ ನಾತದ ಭೇದಿ, ಇವುಗಳಿಂದ. ಒಂದು ಊರಿಗೆ ಹೊಕ್ಕರೆ ಕೊಟ್ಟಿಗೆಗಳೇ ಬರಿದಾಗುತ್ತಿದ್ದವು. ಇದಕ್ಕೆ ಬೇಕಾದ ಸೀರಮ್ಮನ್ನು ತಯಾರಿಸುವುದಕ್ಕಾಗಿಯೇ ಮೈಸೂರು ಸಂಸ್ಥಾನವು 1925ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಸೀರಮ್ ಸಂಸ್ಥೆಯನ್ನು ಸ್ಥಾಪಿಸಿತು. ಆಮೇಲೆ ಬಂದ ಲಸಿಕೆಗಳಿಂದಲೂ, ಊರೂರಿನಿಂದ ರೋಗದ ಸುದ್ದಿಯನ್ನು ಬೇಗ ತಿಳಿಸುವ ಏರ್ಪಾಡಿನಿಂದಲೂ ರೋಗವು ಹಿಮ್ಮೆಟ್ಟಿ, ಭಾರತದಲ್ಲಿ 1995ರಲ್ಲಿ ಕೊನೆಯ ಸಲ ಕಾಣಿಸಿಕೊಂಡು, 2011ರಲ್ಲಿ ಲೋಕದಿಂದಲೇ ಅಳಿದುಹೋಯಿತೆಂದು ಸಾರಲ್ಪಟ್ಟಿತು. ಲಸಿಕೆಯಷ್ಟೇ ಕೆಲಸವನ್ನು ರೋಗದ ಚಿಹ್ನೆಯನ್ನು ಕಂಡೊಡನೆ ಮುಚ್ಚಿಡದೆ ಹೇಳಿದವರ ಮಾತೂ ಮಾಡಿತು. ಅದರ ಹತ್ತಿರದ ಜಾತಿಯ ಪಿ.ಪಿ.ಆರ್. ಎಂಬ ರೋಗವು ಆಡುಕುರಿಗಳಲ್ಲಿ ಇನ್ನೂ ಇದೆ. ಅದಕ್ಕೆ ಲಸಿಕೆಯುಂಟು, ಹಾಕಿಸತಕ್ಕದ್ದು.

ಮಾಡತಕ್ಕ ಕೆಲಸಗಳು

ರಕ್ತವಾಗಲಿ ಹೆಚ್ಚು ಲೋಳೆಯಾಗಲಿ ಕಂಡ ಸಗಣಿಯನ್ನು ತಿಪ್ಪೆಗೆ ಹಾಕುವುದಕ್ಕೆ ಮೊದಲು, ನಿಂಬೆಹಣ್ಣಿನ ಗಾತ್ರದಷ್ಟನ್ನು ನೆಲದ ಮಣ್ಣು ಸೇರದಂತೆ ಶುಭ್ರವಾದ ಬಾಯಗಲದ ಸೀಸೆಯಲ್ಲಿ ತೆಗೆದು, ಮುಚ್ಚಿ, ನೆರಳಿನಲ್ಲಿಟ್ಟು, ಆ ದಿನವೇ ಪಶುವೈದ್ಯಶಾಲೆಗೆ ಕಳುಹಿಸಬೇಕು. ಔಷಧವನ್ನು ಕೊಡುವುದಕ್ಕೆ ಮುಂಚೆ ತೆಗೆದ ಸಗಣಿಯಾದರೆ ಉತ್ತಮ. ಕರುವಿನ ವಯಸ್ಸು, ರಕ್ತವು ಮೊದಲು ಕಂಡ ದಿನ, ಜ್ವರವುಂಟೋ ಇಲ್ಲವೋ, ಮೇವನ್ನು ಬದಲಾಯಿಸಿದ್ದುಂಟೋ, ಜೊತೆಯ ಪ್ರಾಣಿಗಳು ಹೇಗಿವೆ ಎಂಬ ಸಂಗತಿಗಳನ್ನು ಜೊತೆಗೆ ಹೇಳಿ ಕಳುಹಿಸಬೇಕು. ದೊಡ್ಡ ದನದ ಮೈಶಾಖವು ಸಾಮಾನ್ಯವಾಗಿ ಸುಮಾರು 101.5 ಡಿಗ್ರಿ ಫ್ಯಾರನ್‌ಹೀಟ್.

ಭೇದಿಯಾದ ಕರುವನ್ನು ಕೊಲ್ಲುವುದು ಬಹಳ ವೇಳೆ ನೀರಿನ ನಷ್ಟವೇ. ಕತ್ತಿನ ಚರ್ಮವನ್ನು ಚಿವುಟಿ ಬಿಟ್ಟಾಗ ಅದು ಕೂಡಲೆ ಇಳಿಯದೆ ಮಡಿಕೆಯಾಗಿಯೇ ನಿಂತರೆ, ಕಣ್ಣುಗಳು ಗುಳಿಬಿದ್ದರೆ, ನೀರು ಬಹಳ ಕಡಮೆಯಾಗಿದೆಯೆಂದು ತಿಳಿಯಬೇಕು. ಲವಣ ಮತ್ತು ಸಕ್ಕರೆಯ ಪೊಟ್ಟಣವನ್ನು, ಅದರ ಮೇಲೆ ಬರೆದಿರುವಷ್ಟು ಕುದಿಸಿ ಆರಿಸಿದ ನೀರಿನಲ್ಲಿ ಕರಗಿಸಿ, ಸಲಕ್ಕೆ 1ರಿಂದ 2 ಲೀಟರಿನಂತೆ ದಿನಕ್ಕೆ ಎರಡು ಮೂರು ಸಲ, ಹಾಲು ಕುಡಿಸುವ ವೇಳೆಗಳ ನಡುವೆ ಕುಡಿಸಬೇಕು. ಹಾಲನ್ನು ನಿಲ್ಲಿಸಬಾರದು. ಕರು ತಾನಾಗಿ ಕುಡಿಯಲಾರದಿದ್ದರೆ ಗೊಟ್ಟದಿಂದ ಸುರಿಯಬಾರದು. ಮೂತಿಯನ್ನೆತ್ತಿ ಸುರಿದ ನೀರು ಶ್ವಾಸಕೋಶಕ್ಕೆ ಹೋಗಿ ಪ್ರಾಣಾಪಾಯವಾಗುತ್ತದೆ. ಅಂತಹ ಕರುವಿಗೆ ರಕ್ತನಾಳದ ಮೂಲಕ ನೀರು ಕೊಡಿಸಬೇಕು.

ಮನುಷ್ಯರಿಗಾಗಿ ಇರುವ ಭೇದಿ ನಿಲ್ಲಿಸುವ ಮಾತ್ರೆಗಳನ್ನಾಗಲಿ, ಅಫೀಮು ಸೇರಿದ ನಾಟಿ ಮದ್ದನ್ನಾಗಲಿ ಕೊಡುವುದು ತಪ್ಪು. ಅದರಿಂದ ಹೊರಕ್ಕೆ ಹೋಗಬೇಕಾದ ವಿಷವು ಒಳಗೆ ನಿಲ್ಲುತ್ತದೆ; ರಕ್ತವು ಕಣ್ಣಿಗೆ ಮರೆಯಾಗುತ್ತದೆ, ರೋಗವು ಮರೆಯಾಗುವುದಿಲ್ಲ.

ರೋಗದ ಕರುವನ್ನು ಬೇರೆ ಕಟ್ಟಿ, ಅದರ ಬೋಗುಣಿಯನ್ನು ಬೇರೆಯಿಡಬೇಕು. ಆರೋಗ್ಯವಾದ ಕರುಗಳ ಕೆಲಸವನ್ನು ಮೊದಲು ಮುಗಿಸಿ, ರೋಗದ ಕರುವಿನ ಹತ್ತಿರಕ್ಕೆ ಕಡೆಯಲ್ಲಿ ಹೋಗಬೇಕು. ಸಗಣಿಯನ್ನು ದಿನವೂ ತೆಗೆದರೆ ಕಾಕ್ಸಿಡಿಯದ ಕೋಶಗಳು ಪಕ್ವವಾಗುವುದಕ್ಕೆ ಅವಕಾಶವೇ ಇರುವುದಿಲ್ಲ. ಸಾಮಾನ್ಯ ಫಿನೈಲಿಗೆ ಅವು ಸಾಯುವುದಿಲ್ಲ. ಕುದಿಯುವ ನೀರು, ಬಿಸಿಲು, ಒಣ ನೆಲ ಇವುಗಳಿಗೆ ಸಾಯುತ್ತವೆ. ಆದುದರಿಂದ ಕರು ಕಟ್ಟುವ ಜಾಗವು ಒಣಗಿರುವಂತೆಯೂ, ತೊಟ್ಟಿಯು ಸಗಣಿ ಸಿಡಿಯದಷ್ಟು ಎತ್ತರದಲ್ಲಿರುವಂತೆಯೂ ಏರ್ಪಡಿಸುವುದು ಯಾವ ಔಷಧಕ್ಕೂ ಕಡಮೆಯಲ್ಲ.

ಕಾಕ್ಸಿಡಿಯವು ಕರುವಿನಿಂದ ಮನುಷ್ಯರಿಗೆ ಬಾರದು; ಸಾಲ್ಮೊನೆಲ್ಲ, ಕ್ರಿಪ್ಟೋಸ್ಪೊರಿಡಿಯಮ್ ಮುಂತಾದವು ಬರುತ್ತವೆ. ಯಾವುದು ಯಾವುದೆಂದು ಕಣ್ಣಿಗೆ ತಿಳಿಯದಾದ್ದರಿಂದ, ರೋಗದ ಕರುವಿನ ಸಗಣಿಯಿಂದ ಬೆರಣಿ ತಟ್ಟದೆ, ನೆಲ ಸಾರಿಸದೆ, ಮಕ್ಕಳನ್ನು ದೂರವಿಟ್ಟು, ಕೆಲಸವಾದ ಮೇಲೆ ಸಾಬೂನಿನಿಂದ ಕೈ ತೊಳೆಯಬೇಕು. ಮನೆಯವರಲ್ಲಿ ಯಾರಿಗಾದರೂ ಮಲದಲ್ಲಿ ರಕ್ತ ಅಥವಾ ಆಮ ಕಂಡರೆ ನಾಚಿಕೆಯಿಂದ ಮುಚ್ಚಿಡದೆ ವೈದ್ಯರಿಗೆ ತೋರಿಸತಕ್ಕದ್ದು.

ಸಾರಾಂಶ

1. ಕೆಂಪು ರಕ್ತವು ಕೆಳಗಿನ ಕರುಳನ್ನೂ, ಡಾಂಬರಿನಂತಹ ಕಪ್ಪು ಮೇಲಿನ ಭಾಗವನ್ನೂ ಸೂಚಿಸುತ್ತದೆ.

2. ರಕ್ತವೂ ಲೋಳೆಯೂ ತಿಣುಕುವಿಕೆಯೂ ಕೂಡಿದ ಕರುವಿಗೆ ಕಾಕ್ಸಿಡಿಯ ರೋಗವಿರಬಹುದು. ಜೊತೆಯ ಕರುಗಳನ್ನೂ ತೋರಿಸಬೇಕು.

3. ಸಗಣಿಯಿಲ್ಲದೆ ರಕ್ತಲೋಳೆ ಮಾತ್ರ ಬಿದ್ದರೆ ಕೂಡಲೆ ವೈದ್ಯನನ್ನು ಕರೆಯಬೇಕು.

4. ಹಠಾತ್ತಾಗಿ ಸತ್ತು ರಕ್ತ ಸುರಿದ ಹೆಣವನ್ನು ಕೊಯ್ಯಬಾರದು.

5. ಗಿಣ್ಣು ಹಾಲು ಬೇಗ, ನೆಲವು ಒಣಗಿ, ಸಗಣಿಯು ದಿನವೂ ಹೊರಕ್ಕೆ.

ಈ ಸಭೆಗೆ ಬಂದಿರುವ ಗಂಡಸರು ಮನೆಗೆ ಹೋದ ಮೇಲೆ ಈ ಸಂಗತಿಗಳನ್ನು ಕೊಟ್ಟಿಗೆ ಬಾಚುವ ತಾಯಂದಿರಿಗೂ ಸೊಸೆಯಂದಿರಿಗೂ ತಪ್ಪದೆ ತಿಳಿಸತಕ್ಕದ್ದು. ರೋಗದ ಮೊದಲ ಗುರುತು ಕಾಣುವುದು ಅವರ ಕಣ್ಣಿಗೇ. ಅವರು ಬಂದು ಹೇಳಿದ ದಿನ, "ನಾಳೆ ನೋಡೋಣ" ಎನ್ನದೆ ಎದ್ದು ಹೊರಡುವ ಮನೆಯಲ್ಲಿ ಕರುಗಳು ಉಳಿಯುತ್ತವೆ.